ಜನರಲ್ ಡಿ ಗಾಲ್: ಆಜ್ಞೆ ಮೀರಿದ ಸೈನಿಕ, ಜನಮತಕ್ಕೆ ತಲೆಬಾಗಿದ ಅಧ್ಯಕ್ಷ

ಫ್ರಾನ್ಸಿನ ಚಾರ್ಲ್ಸ್ ಡಿ ಗಾಲ್ ಅವರ ಜೀವನವನ್ನು ಬರೀ ಇಸವಿಗಳ ಪಟ್ಟಿಯಾಗಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ಅದರ ಬದಲು ಒಂದು ಪ್ರಶ್ನೆ ಇಟ್ಟುಕೊಂಡು ಓದಿ. 1940ರಲ್ಲಿ ಇವರು ತಮ್ಮದೇ ಸರ್ಕಾರದ ಆಜ್ಞೆ ಮೀರಿದರು. 1961ರಲ್ಲಿ ತಮ್ಮ ಆಜ್ಞೆ ಮೀರಿದ ಜನರಲ್‌ಗಳನ್ನು ಹತ್ತಿಕ್ಕಿದರು. ಎರಡೂ ಸರಿ ಅಂತ ಹೇಳೋಕೆ ಆಗುತ್ತಾ?

ಸೈನ್ಯದ ದಿನಗಳು

ಹುಟ್ಟಿದ್ದು 1890ರ ನವೆಂಬರ್ 22ರಂದು, ಉತ್ತರ ಫ್ರಾನ್ಸಿನ ಲಿಲ್ ನಗರದಲ್ಲಿ. ಸೇಂ ಸಿರ್ ಸೈನಿಕ ಶಾಲೆಯಲ್ಲಿ ಓದು ಮುಗಿಸಿ 33ನೇ ಕಾಲಾಳು ರೆಜಿಮೆಂಟ್ ಸೇರಿದರು. ಆಗ ಅದರ ಕರ್ನಲ್ ಆಗಿದ್ದವರು ಫಿಲಿಪ್ ಪೆತಾಂ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಡಿ ಗಾಲ್ ಮೂರು ಸಲ ಗಾಯಗೊಂಡರು. 1916ರ ಮಾರ್ಚ್‌ನಲ್ಲಿ ವರ್ಡನ್ ಕದನದಲ್ಲಿ ಜರ್ಮನ್ನರಿಗೆ ಸೆರೆ ಸಿಕ್ಕರು. ತಪ್ಪಿಸಿಕೊಳ್ಳಲು ಐದು ಸಲ ಯತ್ನಿಸಿದರು, ಒಂದೂ ಫಲಿಸಲಿಲ್ಲ. ಯುದ್ಧ ಮುಗಿದ ಮೇಲೆಯೇ ಬಿಡುಗಡೆ.

1930ರ ದಶಕದಲ್ಲಿ ಅವರು ಒಂದೇ ವಾದವನ್ನು ಬಿಡದೆ ಮಂಡಿಸಿದರು. ಗಡಿಯ ಕೋಟೆಸಾಲನ್ನು ನಂಬಿ ಕೂತರೆ ಸಾಲದು, ವೇಗವಾಗಿ ನುಗ್ಗುವ ಟ್ಯಾಂಕ್ ಪಡೆ ಬೇಕು, ಅದನ್ನು ನಡೆಸಲು ವೃತ್ತಿಪರ ಸೈನಿಕರು ಬೇಕು ಅಂತ. ಸೇನೆಯ ಹಿರಿಯರು ಕಿವಿಗೊಡಲಿಲ್ಲ. ಆಗ ಅವರು ರಾಜಕಾರಣಿಗಳ ಬಾಗಿಲಿಗೆ ಹೋದರು. ಪಾಲ್ ರೆನೋ ಎಂಬ ನಾಯಕರು ಈ ವಾದವನ್ನು ಸಂಸತ್ತಿನಲ್ಲಿ ಎತ್ತಿದರು. ನನ್ನ ಪ್ರಕಾರ ಡಿ ಗಾಲ್ ಅವರ ರಾಜಕೀಯ ಶುರುವಾದದ್ದು ಇಲ್ಲೇ. ಜಾಸ್ತಿ ಜನ 1940ರಿಂದ ಬರೆಯೋಕೆ ಶುರು ಮಾಡುತ್ತಾರೆ, ನೀವು ಇಲ್ಲಿಂದ ಶುರು ಮಾಡಿ.

1940ರ ಜೂನ್

ಮೇ ತಿಂಗಳಲ್ಲಿ ಜರ್ಮನ್ ಪಡೆ ನುಗ್ಗಿ ಬಂದಾಗ ಡಿ ಗಾಲ್ 4ನೇ ಟ್ಯಾಂಕ್ ಡಿವಿಷನ್ ನಡೆಸಿ ಮಾಂಕಾರ್ನೆ ಬಳಿ ಎದುರೇಟು ಕೊಟ್ಟರು. ತಾತ್ಕಾಲಿಕವಾಗಿ ಬ್ರಿಗೇಡಿಯರ್ ಜನರಲ್ ಹುದ್ದೆ ಸಿಕ್ಕಿತು. ಅದಕ್ಕಿಂತ ಮೇಲಿನ ಹುದ್ದೆಯನ್ನು ಅವರು ಕೊನೆಯವರೆಗೂ ಪಡೆಯಲಿಲ್ಲ. ಜೂನ್ ಮೊದಲ ವಾರದಲ್ಲಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ರೆನೋ, ಡಿ ಗಾಲ್ ಅವರನ್ನು ರಕ್ಷಣಾ ಖಾತೆಯ ಉಪಮಂತ್ರಿ ಮಾಡಿದರು. ಜೂನ್ 14ರಂದು ಪ್ಯಾರಿಸ್ ಬಿತ್ತು. 16ರಂದು ರೆನೋ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಪೆತಾಂ ಜರ್ಮನಿ ಜೊತೆ ಕದನವಿರಾಮಕ್ಕೆ ಮುಂದಾದರು. 17ರಂದು ಡಿ ಗಾಲ್ ವಿಮಾನ ಹತ್ತಿ ಲಂಡನ್ ಸೇರಿದರು. 18ರ ಸಂಜೆ ಬಿಬಿಸಿ ರೇಡಿಯೋದಲ್ಲಿ ಮಾತಾಡಿ, ಯುದ್ಧ ಮುಗಿದಿಲ್ಲ, ಹೋರಾಡಬೇಕೆನ್ನುವವರು ನನ್ನ ಜೊತೆ ಸೇರಿ ಅಂತ ಕರೆ ಕೊಟ್ಟರು. ಅಂದು ಅದನ್ನು ಕೇಳಿದವರು ಬಹಳ ಕಡಿಮೆ. ಆಗಸ್ಟ್‌ನಲ್ಲಿ ಫ್ರೆಂಚ್ ಸೈನಿಕ ನ್ಯಾಯಾಲಯ ಅವರ ಗೈರಿನಲ್ಲೇ ಮರಣದಂಡನೆ ವಿಧಿಸಿತು.

ಇಲ್ಲಿ ಸ್ವಲ್ಪ ನಿಲ್ಲಿ. ಕಾನೂನಿನ ಲೆಕ್ಕದಲ್ಲಿ ಪೆತಾಂ ಬಲವಾದ ಜಾಗದಲ್ಲಿದ್ದರು. ಜುಲೈ 10ರಂದು ಸಂಸತ್ತೇ 569 ಮತಗಳಿಂದ ಅವರಿಗೆ ಪೂರ್ಣಾಧಿಕಾರ ಕೊಟ್ಟಿತು. ವಿರೋಧಿಸಿದವರು 80 ಮಂದಿ. ಡಿ ಗಾಲ್ ಕೈಯಲ್ಲಿ ಒಂದು ಮತವೂ ಇರಲಿಲ್ಲ. ಅವರ ವಾದ ಇಷ್ಟು: ಶತ್ರುವಿಗೆ ದೇಶ ಒಪ್ಪಿಸಿದ ಸರ್ಕಾರಕ್ಕೆ ದೇಶದ ಹೆಸರಲ್ಲಿ ಮಾತಾಡುವ ಹಕ್ಕಿಲ್ಲ, ಬಿಡುಗಡೆಯಾದ ಮೇಲೆ ಜನರೇ ತೀರ್ಮಾನಿಸಲಿ. ಕಾನೂನುಬದ್ಧ ಅಧಿಕಾರ ಬೇರೆ, ನ್ಯಾಯಬದ್ಧ ಅಧಿಕಾರ ಬೇರೆ ಎಂಬ ರಾಜ್ಯಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು. ಆಗ ಫ್ರೆಂಚ್ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದ ಆಲ್ಜಿಯರ್ಸ್‌ ನಗರದಲ್ಲಿದ್ದ ಅವರ ಆಡಳಿತ ಸಮಿತಿ 1944ರ ಏಪ್ರಿಲ್ 21ರ ಆದೇಶದಲ್ಲಿ ಹೆಂಗಸರಿಗೂ ಮತದಾನದ ಹಕ್ಕು ಕೊಟ್ಟಿತು. 1945ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಿತು. ಹೊಸ ಸಭೆ ಅವರನ್ನೇ ಸರ್ಕಾರದ ಮುಖ್ಯಸ್ಥರನ್ನಾಗಿ ಆರಿಸಿತು. ಆದರೆ ಪಕ್ಷಗಳ ಜೊತೆ ಹೊಂದಲಿಲ್ಲ. 1946ರ ಜನವರಿ 20ರಂದು ಹುದ್ದೆ ಬಿಟ್ಟರು. 1947ರಲ್ಲಿ ಕಟ್ಟಿದ ಸ್ವಂತ ಪಕ್ಷ ಮೊದಲು ಮಿಂಚಿ ಆಮೇಲೆ ಮಂಕಾಯಿತು. ಅವರು ಕೊಲಂಬೆ ಹಳ್ಳಿಯ ಮನೆ ಸೇರಿದರು.

1958: ಕಳಂಕವಿರುವ ವಾಪಸಾತಿ

ನಾಲ್ಕನೇ ಗಣರಾಜ್ಯದ, ಅಂದರೆ ಯುದ್ಧದ ನಂತರ ಫ್ರಾನ್ಸಿನಲ್ಲಿ ಬಂದ ಆಡಳಿತ ವ್ಯವಸ್ಥೆಯ, 12 ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಂದು ಹೋದವು. 1954ರಿಂದ ಆಲ್ಜೀರಿಯಾದಲ್ಲಿ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. 1958ರ ಮೇ 13ರಂದು ಅಲ್ಲಿ ನೆಲೆಸಿದ್ದ ಯುರೋಪಿಯನ್ನರು ಆಲ್ಜಿಯರ್ಸ್‌ನ ಸರ್ಕಾರಿ ಕಟ್ಟಡಕ್ಕೆ ನುಗ್ಗಿದರು, ಸೇನೆ ಅವರ ಜೊತೆ ನಿಂತಿತು. ಎರಡು ದಿನ ಬಿಟ್ಟು ಅಲ್ಲಿನ ಫ್ರೆಂಚ್ ಸೇನೆಯ ಮುಖ್ಯಸ್ಥ ಜನರಲ್ ಸಲಾಂ ಡಿ ಗಾಲ್ ಅವರಿಗೆ ಜಯಕಾರ ಹಾಕಿದರು. ಕಾರ್ಸಿಕಾ ದ್ವೀಪ ಬಂಡಾಯಗಾರರ ವಶವಾಯಿತು. ಮುಂದಿನ ಸರದಿ ಪ್ಯಾರಿಸ್ ಎಂಬ ಭಯ ಹಬ್ಬಿತು. ಜೂನ್ 1ರಂದು ಸಂಸತ್ತು 329–224 ಮತಗಳಿಂದ ಡಿ ಗಾಲ್ ಅವರನ್ನು ಪ್ರಧಾನಿಯಾಗಿ ಒಪ್ಪಿತು. ಮತ ಬಿದ್ದದ್ದು ನಿಜ, ಆದರೆ ಅದರ ಹಿಂದೆ ಬಂದೂಕಿನ ನೆರಳಿತ್ತು. ಅವರನ್ನು ಮೆಚ್ಚುವವರೂ ಇದನ್ನು ಒಪ್ಪಿಕೊಳ್ಳಬೇಕು.

ಸೆಪ್ಟೆಂಬರ್ 28ರ ಜನಮತಗಣನೆಯಲ್ಲಿ ಐದನೇ ಗಣರಾಜ್ಯದ ಸಂವಿಧಾನ ಭಾರಿ ಬಹುಮತದಿಂದ ಪಾಸಾಯಿತು. ಅದರ ಮೊದಲ ಅಧ್ಯಕ್ಷರಾದವರು ಡಿ ಗಾಲ್. ಅರೆ ಅಧ್ಯಕ್ಷೀಯ ಪದ್ಧತಿ ಅಂತ ನಾವು ಓದುವುದು ಇದನ್ನೇ. ಅಧ್ಯಕ್ಷರು ಪ್ರಧಾನಿಯನ್ನು ನೇಮಿಸುತ್ತಾರೆ, ಕೆಳಮನೆ ವಿಸರ್ಜಿಸಬಹುದು, 16ನೇ ವಿಧಿಯಡಿ ತುರ್ತು ಅಧಿಕಾರ ತೆಗೆದುಕೊಳ್ಳಬಹುದು. ಆದರೆ ಪ್ರಧಾನಿಯ ಸರ್ಕಾರ ಉತ್ತರ ಕೊಡಬೇಕಾದದ್ದು ಕೆಳಮನೆಗೆ. ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ನಿಯಮ ಬಂದದ್ದು 1962ರಲ್ಲಿ. ಇದರಲ್ಲಿ ಗೊಂದಲವಾಗುವುದುಂಟು, ಬೇರೆಯಾಗಿ ಬರೆದಿಟ್ಟುಕೊಳ್ಳಿ.

1961ರ ಏಪ್ರಿಲ್

ಆಲ್ಜೀರಿಯಾ ಫ್ರಾನ್ಸಿನದ್ದಾಗಿಯೇ ಉಳಿಯುತ್ತದೆ ಅಂತ ನಂಬಿ ಸೇನಾಧಿಕಾರಿಗಳು ಡಿ ಗಾಲ್ ಅವರನ್ನು ಬೆಂಬಲಿಸಿದ್ದರು. 1959ರ ಸೆಪ್ಟೆಂಬರ್‌ನಲ್ಲಿ ಡಿ ಗಾಲ್ ಸ್ವಯಂ ನಿರ್ಧಾರದ ಹಕ್ಕಿನ ಮಾತು ಎತ್ತಿದರು. 1961ರ ಜನವರಿ 8ರ ಜನಮತಗಣನೆಯಲ್ಲಿ ಸುಮಾರು ಶೇ 75ರಷ್ಟು ಮತ ಅದರ ಪರ ಬಿತ್ತು. ಏಪ್ರಿಲ್ 22ರಂದು ಶಾಲ್, ಜುವೋ, ಜೆಲ್ಲೆ ಎಂಬ ಜನರಲ್‌ಗಳು ಆಲ್ಜಿಯರ್ಸ್ ವಶಪಡಿಸಿಕೊಂಡರು. ಸಲಾಂ ಆಮೇಲೆ ಬಂದು ಸೇರಿದರು. ಮರುದಿನ ಡಿ ಗಾಲ್ 16ನೇ ವಿಧಿ ಜಾರಿ ಮಾಡಿ, ತಮ್ಮ ಹಳೆಯ ಸಮವಸ್ತ್ರ ತೊಟ್ಟು ಟಿವಿ ಮತ್ತು ರೇಡಿಯೋದಲ್ಲಿ ಮಾತಾಡಿದರು. ಬಂಡಾಯಗಾರರ ಆಜ್ಞೆ ಪಾಲಿಸಬೇಡಿ ಅಂತ ಸೈನಿಕರಿಗೆ ನೇರವಾಗಿ ಹೇಳಿದರು. ಕಡ್ಡಾಯ ಸೇವೆಗೆ ಬಂದಿದ್ದ ಸಾಮಾನ್ಯ ಸೈನಿಕರು ಬ್ಯಾರಕ್ಕಿನಲ್ಲಿ ಟ್ರಾನ್ಸಿಸ್ಟರ್ ಹಿಡಿದು ಆ ಮಾತು ಕೇಳಿದರು. ಅವರು ಅಲುಗಾಡಲಿಲ್ಲ. ಕೆಲವೇ ದಿನಗಳಲ್ಲಿ ಬಂಡಾಯ ಕುಸಿಯಿತು.

ಮೊದಲ ಪ್ರಶ್ನೆಗೆ ಉತ್ತರ ನನಗೆ ಕಾಣುವುದು ಆ ಜನವರಿ ಮತದಲ್ಲಿ. 1940ರಲ್ಲಿ ಆಕ್ರಮಣಕ್ಕೆ ಸಿಕ್ಕಿದ್ದ ಜನರಿಗೆ ಮತ ಹಾಕುವ ದಾರಿಯೇ ಇರಲಿಲ್ಲ. 1961ರಲ್ಲಿ ಜನ ಮೂರು ತಿಂಗಳ ಹಿಂದಷ್ಟೇ ಸ್ಪಷ್ಟವಾಗಿ ಹೇಳಿದ್ದರು. ಆ ಜನರಲ್‌ಗಳು ಮೀರಿದ್ದು ಜನರ ತೀರ್ಪನ್ನು. ಹಾಗಂತ ಡಿ ಗಾಲ್ ಅವರ ಲೆಕ್ಕ ಶುದ್ಧವಾಗಿದೆ ಅಂತ ಬರೆಯಬೇಡಿ. ಆಲ್ಜೀರಿಯಾ ಯುದ್ಧ ನಿಲ್ಲಿಸಲು ಮಾಡಿಕೊಂಡ 1962ರ ಮಾರ್ಚ್‌ನ ಎವಿಯಾಂ ಒಪ್ಪಂದದ ನಂತರ, ಫ್ರೆಂಚ್ ಸೇನೆಯ ಪರ ದುಡಿದಿದ್ದ ಆಲ್ಜೀರಿಯನ್ನರಲ್ಲಿ ಹೆಚ್ಚಿನವರನ್ನು ಅಲ್ಲೇ ಬಿಟ್ಟು ಬಂದರು. ಅವರಲ್ಲಿ ಸಾವಿರಾರು ಜನ ಕೊಲೆಯಾದರು. ಇದನ್ನು ಬಿಟ್ಟರೆ ಉತ್ತರ ಅರ್ಧ ಸುಳ್ಳಾಗುತ್ತದೆ.

ಉಳಿದದ್ದು

ವಿದೇಶಾಂಗ ನೀತಿಯನ್ನು ಬೇಗ ನೋಡಿಬಿಡೋಣ. 1960ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ, 1963ರಲ್ಲಿ ಪಶ್ಚಿಮ ಜರ್ಮನಿ ಜೊತೆ ಸ್ನೇಹ ಒಪ್ಪಂದ, 1966ರಲ್ಲಿ ನ್ಯಾಟೋದ ಜಂಟಿ ಸೇನಾ ವ್ಯವಸ್ಥೆಯಿಂದ ಹೊರಕ್ಕೆ. ನ್ಯಾಟೋ ಸದಸ್ಯತ್ವ ಮಾತ್ರ ಬಿಡಲಿಲ್ಲ.

1968ರ ಮೇ ತಿಂಗಳ ವಿದ್ಯಾರ್ಥಿ, ಕಾರ್ಮಿಕ ಚಳವಳಿಯ ನಡುವೆ ಅವರು 29ರಂದು ಪ್ರಧಾನಿಗೂ ಹೇಳದೆ ಜರ್ಮನಿಯ ಬಾಡೆನ್ ಬಾಡೆನ್‌ಗೆ ಹೋಗಿ ಅಲ್ಲಿದ್ದ ಫ್ರೆಂಚ್ ಪಡೆಗಳ ಮುಖ್ಯಸ್ಥ ಜನರಲ್ ಮಸ್ಸು ಅವರನ್ನು ಕಂಡರು. 30ರಂದು ವಾಪಸ್ ಬಂದು ರೇಡಿಯೋದಲ್ಲೇ ಮಾತಾಡಿ ಕೆಳಮನೆ ವಿಸರ್ಜಿಸಿದರು. ಜೂನ್ ಚುನಾವಣೆಯಲ್ಲಿ ಅವರ ಬೆಂಬಲಿಗರು ಭಾರಿ ಬಹುಮತ ಪಡೆದರು.

1969ರ ಏಪ್ರಿಲ್ 27ರಂದು ಪ್ರಾಂತ್ಯಗಳ ಮತ್ತು ಸೆನೆಟ್‌ನ ಸುಧಾರಣೆ ಕುರಿತು ಜನಮತಗಣನೆ ನಡೆಯಿತು. ಸೋತರೆ ಹುದ್ದೆ ಬಿಡುತ್ತೇನೆ ಅಂತ ಮೊದಲೇ ಹೇಳಿದ್ದರು. ಸಂವಿಧಾನದ ಯಾವ ವಿಧಿಯೂ ಹಾಗೆ ಬಿಡಬೇಕು ಅನ್ನುವುದಿಲ್ಲ, ಅಧಿಕಾರಾವಧಿ ಇನ್ನೂ ಮೂರೂವರೆ ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು. ಶೇ 52ಕ್ಕೂ ಹೆಚ್ಚು ಜನ ಬೇಡ ಅಂದರು. ಮರುದಿನವೇ ರಾಜೀನಾಮೆ ಕೊಟ್ಟರು. ಸೆನೆಟ್ ಅಧ್ಯಕ್ಷ ಅಲೈನ್ ಪೊಯೆರ್ ಹಂಗಾಮಿ ಅಧ್ಯಕ್ಷರಾದರು. ಜೂನ್‌ನಲ್ಲಿ ಅದೇ ಸಂವಿಧಾನದ ಅಡಿಯಲ್ಲಿ ಜನ ಜಾರ್ಜ್ ಪಾಂಪಿಡು ಅವರನ್ನು ಆರಿಸಿದರು.