ಎತ್ತಿ ಒಗೆಯುವ ಯಂತ್ರ

ಧಾರವಾಡದ ಕಡೆ ‘ಕಲ್ಲು ಒಗಿ’ ಅಂದರೆ ಕಲ್ಲು ಎಸೆ ಎಂದರ್ಥ. ‘ಅರಿವಿ ಒಗಿ’ ಅಂದರೆ ಬಟ್ಟೆ ತೊಳೆ. ಎರಡಕ್ಕೂ ಒಂದೇ ಮಾತು. ಬಟ್ಟೆಯನ್ನು ಎತ್ತಿ, ಬೀಸಿ, ಕಲ್ಲಿಗೆ ಬಡಿಯುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಬಂದ ದಿನ ಅವ್ವ ಅದರ ದುಂಡು ಗಾಜಿನೆದುರು ಕುರ್ಚಿ ಹಾಕಿಕೊಂಡು ಕೂತಳು. ಹತ್ತು ನಿಮಿಷ ನೋಡಿ, “ಇದು ಖರೇನ ಒಗಿತೈತಿ ನೋಡು. ಎತ್ತತೈತಿ, ಒಗಿತೈತಿ” ಅಂದಳು. ಈ ಯಂತ್ರದ ಬಗ್ಗೆ ನಾನು ಆಮೇಲೆ ತಿಳಿದುಕೊಂಡದ್ದಕ್ಕೆಲ್ಲ ಅವಳ ಆ ಮಾತೇ ಬುನಾದಿ.

ಟಾಪ್ ಲೋಡ್ ಮಷೀನಿನಲ್ಲಿ ತಳದ ಚಕ್ರ ನೀರನ್ನು ಕದಡುತ್ತದೆ, ನೀರಿನ ಜೊತೆ ಬಟ್ಟೆಯೂ ಸುತ್ತುತ್ತದೆ. ಹಾಗಾಗಿ ಬಟ್ಟೆ ಮುಳುಗುವಷ್ಟು ನೀರು ಬೇಕೇ ಬೇಕು. ಫ್ರಂಟ್ ಲೋಡ್‌ನಲ್ಲಿ ಡ್ರಮ್ ಅಡ್ಡಲಾಗಿ ಮಲಗಿರುತ್ತದೆ. ತಳದಲ್ಲಿ ಸ್ವಲ್ಪವೇ ನೀರು. ಒಳಗೋಡೆಯಲ್ಲಿ ಉಬ್ಬಿರುವ ದಿಂಡುಗಳು ಒದ್ದೆ ಬಟ್ಟೆಯನ್ನು ಮೇಲಕ್ಕೆ ಹೊತ್ತೊಯ್ಯುತ್ತವೆ, ಒಂದು ಎತ್ತರದಲ್ಲಿ ಕೈಬಿಡುತ್ತವೆ. ಬಡಿಯುವ ಕೆಲಸ ಭೂಮಿಯ ಸೆಳೆತದ್ದು. 6 ಕೆ.ಜಿ. ಮಷೀನಿನಲ್ಲಿ ಒಂದು ಸಲದ ಒಗೆತ, ಜಾಲಾಟ ಎಲ್ಲ ಸೇರಿ ಸಾಮಾನ್ಯವಾಗಿ 50–60 ಲೀಟರ್ ನೀರಿನಲ್ಲಿ ಮುಗಿಯುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದು ಕೂತ ಬೆಂಗಳೂರಿನವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಈ ಕೈಬಿಡುವ ಗಳಿಗೆಯಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಡ್ರಮ್ಮಿನ ಅಡ್ಡಳತೆ 48 ಸೆಂ.ಮೀ. ಎಂದುಕೊಳ್ಳಿ. ಅದು ನಿಮಿಷಕ್ಕೆ ಸುಮಾರು 61 ಸುತ್ತು ತಿರುಗಿದರೆ, ಮೇಲ್ತುದಿ ಮುಟ್ಟಿದ ಬಟ್ಟೆಯೂ ಕೆಳಗೆ ಬೀಳದೆ ಗೋಡೆಗೇ ಅಂಟಿಕೊಂಡು ಸುತ್ತುತ್ತದೆ. ನೀರು ತುಂಬಿದ ತಂಬಿಗೆಯನ್ನು ತೋಳು ಚಾಚಿ ಜೋರಾಗಿ ಸುತ್ತಿಸಿದರೆ ನೀರು ಚೆಲ್ಲುವುದಿಲ್ಲವಲ್ಲ, ಹಾಗೆ. ಅಂಟಿಕೊಂಡ ಬಟ್ಟೆ ಬೀಳುವುದಿಲ್ಲ, ಬೀಳದ ಬಟ್ಟೆ ಕೊಳೆ ಬಿಡುವುದಿಲ್ಲ. ಆದ್ದರಿಂದ ಒಗೆಯುವಾಗ ಮಷೀನು ಬೇಕೆಂದೇ ಅದಕ್ಕಿಂತ ನಿಧಾನವಾಗಿ, 50 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಹಿಂಡುವಾಗ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ. 1000 ಸುತ್ತಿನ ವೇಗದಲ್ಲಿ ಅದೇ ಬಟ್ಟೆ ತನ್ನ ತೂಕದ ಸುಮಾರು 270 ಪಟ್ಟು ಬಲದಿಂದ ಗೋಡೆಗೆ ಒತ್ತಿಕೊಳ್ಳುತ್ತದೆ, ನೀರು ತೂತುಗಳಿಂದ ಹೊರಗೆ ಚಿಮ್ಮುತ್ತದೆ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 800ರಿಂದ 1000ಕ್ಕೆ ಹೋದರೆ ಬಲ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ವಾರವಾದರೂ ಬಟ್ಟೆ ಒಣಗದ ಮನೆಗಳಿಗೆ ಈ ವ್ಯತ್ಯಾಸ ದುಡ್ಡು ಕೊಟ್ಟು ಕೊಳ್ಳುವಂಥದ್ದು. ಬಿಸಿಲು ಹೇರಳವಾಗಿರುವ ಬಳ್ಳಾರಿ, ರಾಯಚೂರಿನಲ್ಲಿ ಅಷ್ಟು ಬೇಕಿಲ್ಲ.

ಬೀಳುವುದೇ ಒಗೆಯುವುದು ಎಂದು ತಿಳಿದ ಮೇಲೆ ಬಳಸುವ ರೀತಿ ತಾನಾಗಿ ಸ್ಪಷ್ಟವಾಗುತ್ತದೆ. ಡ್ರಮ್ಮಿಗೆ ಬಟ್ಟೆ ಗಿಡಿದರೆ ಬೀಳಲು ಜಾಗವೇ ಇರುವುದಿಲ್ಲ. ಮೇಲೆ ಒಂದು ಗೇಣಾದರೂ ಖಾಲಿ ಇರಬೇಕು. ಮಷೀನಿನ ಮೇಲೆ ಬರೆದ 6 ಕೆ.ಜಿ. ಒಣಬಟ್ಟೆಯ ತೂಕ, ಅದೂ ಹತ್ತಿ ಬಟ್ಟೆಯ ಕಾರ್ಯಕ್ರಮಕ್ಕೆ ಮಾತ್ರ. ಕೌದಿಯನ್ನು ಅದಕ್ಕೆ ಹಾಕಲೇಬಾರದು. ಇನ್ನು ನೊರೆ. ಬಕೆಟ್ಟಿನಲ್ಲಿ ನೆನೆಹಾಕುವ ಮಾಮೂಲಿ ಪುಡಿ ಹಾಕಿದರೆ ಡ್ರಮ್ಮಿನ ತುಂಬ ನೊರೆಯೆದ್ದು, ಬೀಳುವ ಬಟ್ಟೆಗೆ ಹಾಸಿಗೆಯಾಗಿಬಿಡುತ್ತದೆ. ಮೆತ್ತಗೆ ಬಿದ್ದ ಬಟ್ಟೆಗೆ ಪೆಟ್ಟೇ ಇಲ್ಲ. ಫ್ರಂಟ್ ಲೋಡ್‌ಗೆಂದೇ ಮಾರುವ ಪುಡಿಯಲ್ಲಿ ನೊರೆ ತಡೆಯುವ ಪದಾರ್ಥ ಇರುವುದು ಈ ಕಾರಣಕ್ಕೆ. ನೊರೆ ಹೆಚ್ಚಿದಷ್ಟೂ ಬಟ್ಟೆ ಶುಭ್ರ ಎಂಬ ನಂಬಿಕೆಯನ್ನು ಈ ಯಂತ್ರದ ಮಟ್ಟಿಗಾದರೂ ಬಿಡಬೇಕು.

“ಎರಡು ತಾಸು ಯಾಕ ಬೇಕ ಇದಕ್ಕ?” ಎಂದು ಅವ್ವ ಕೇಳಿದ್ದಳು. ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದಕ್ಕೆ ಉತ್ತರದಂಥ ಒಂದು ಚಿತ್ರ ಕೊಟ್ಟರು. ಸಾಬೂನು, ಪೆಟ್ಟು, ಬಿಸಿ, ಸಮಯ, ಈ ನಾಲ್ಕು ಸೇರಿ ಒಂದು ವೃತ್ತ. ಒಂದರ ಪಾಲು ಕಡಿಮೆಯಾದರೆ ಉಳಿದವು ಹಿಗ್ಗಿ ಅದನ್ನು ತುಂಬಬೇಕು. ಕಲ್ಲಿನ ಮೇಲೆ ಅವ್ವನ ಪೆಟ್ಟು ಜೋರಾಗಿತ್ತು, ಸಮಯ ಸಾಕಿತ್ತು. ಅರ್ಧ ಮೀಟರಿಗೂ ಕಡಿಮೆ ಎತ್ತರದಿಂದ ಬೀಳುವ ಬಟ್ಟೆಗೆ ಬೀಳುವ ಪೆಟ್ಟು ಮೆದು, ಬಟ್ಟೆಯ ಆಯುಸ್ಸಿಗೆ ಅದು ಒಳ್ಳೆಯದು, ಆದರೆ ಸಮಯ ಹೆಚ್ಚು ಬೇಕು. ಹದಿನೈದು ನಿಮಿಷದ ಕಾರ್ಯಕ್ರಮ ಬೆವರಿನ ಅಂಗಿಗೆ ಸಾಕು, ಅಡುಗೆಮನೆಯ ಟವೆಲ್ಲಿಗೆ ಸಾಲದು.

ಆ ಟವೆಲ್ಲಿಗೆ ಬೇಕಾದದ್ದು ಬಿಸಿ. ಡಿಸೆಂಬರಿನ ಬೆಳಗಿನ ನಲ್ಲಿ ನೀರಿನಲ್ಲಿ ತುಪ್ಪ ಗಟ್ಟಿಯಾಗಿಯೇ ಇರುತ್ತದೆ, ಕೊಬ್ಬರಿ ಎಣ್ಣೆಯೂ ಹೆಪ್ಪುಗಟ್ಟಿರುತ್ತದೆ. 40 ಡಿಗ್ರಿಗೆ ಎರಡೂ ಕರಗಿ ನೀರಾಗುತ್ತವೆ. ಪುಡಿಯಲ್ಲಿರುವ ಕಿಣ್ವಗಳಿಗೂ ಅದೇ ಹದ ಹಿತ. ನೀರು ಕಡಿಮೆ ಇರುವುದರಿಂದ ಕಾಯಿಸುವ ಖರ್ಚೂ ಹೆಚ್ಚಿಲ್ಲ. ಒಗೆತಕ್ಕೆ ಒಮ್ಮೆ ತುಂಬುವ 15 ಲೀಟರ್ ನೀರನ್ನು 25ರಿಂದ 40 ಡಿಗ್ರಿಗೆ ಏರಿಸಲು ಸುಮಾರು ಕಾಲು ಯೂನಿಟ್ ವಿದ್ಯುತ್ ಸಾಕು. 60ಕ್ಕೆ ಏರಿಸಿದರೆ ಅರ್ಧ ಯೂನಿಟ್ ದಾಟುತ್ತದೆ. ಆದ್ದರಿಂದ ಕೊಳ್ಳುವಾಗ ಹೀಟರ್ ಇದೆಯೇ ಎಂದು ಕೇಳಿ. ಮೊಬೈಲಿನಿಂದ ಮಷೀನು ಓಡಿಸುವ ಸೌಕರ್ಯಕ್ಕೆ ಹೆಚ್ಚು ಕೊಡುವ ಬದಲು ಹೀಟರಿಗೆ ಕೊಡುವುದು ಮೇಲು.

20–25 ಸಾವಿರದ ಮಷೀನು ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ಮನೆಯ ತಾರಸಿ ಹತ್ತಿ ನೋಡಬೇಕು ಎಂಬುದು ನನ್ನ ಅನುಭವ. ನಮ್ಮದು ಮೂರನೇ ಮಹಡಿ, ಕೊನೆಯದು. ನೀರಿನ ಟ್ಯಾಂಕು ನೆತ್ತಿಯ ಮೇಲೇ ಇತ್ತು, ನೀರು ಜೋರಾಗಿ ಬರುತ್ತದೆ ಅಂದುಕೊಂಡಿದ್ದೆ. ಮೊದಲ ದಿನವೇ ನೀರು ಸಾಲದೆಂದು ಮಷೀನು ನಿಂತುಬಿಟ್ಟಿತು. ನೀರಿನ ಒತ್ತಡ ಹುಟ್ಟುವುದು ಎತ್ತರದಿಂದ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಕೈಪಿಡಿಯಲ್ಲಿ 0.3 ಬಾರ್ ಬೇಕೆಂದಿದ್ದರೆ ಟ್ಯಾಂಕಿನ ನೀರು ನಲ್ಲಿಗಿಂತ ಕನಿಷ್ಠ 3 ಮೀಟರ್ ಮೇಲಿರಬೇಕು. ನೆಲಮಹಡಿಯವರಿಗೆ ಈ ಚಿಂತೆ ಇಲ್ಲ. ನಾವು ಟ್ಯಾಂಕಿನ ಬಳಿ ಸಣ್ಣ ಪಂಪು ಕೂರಿಸಬೇಕಾಯಿತು.

ಎರಡನೆಯ ದಿನ ಮಷೀನು ಗಡಗಡ ಅದುರಿ ಬಚ್ಚಲಿನ ಬಾಗಿಲವರೆಗೆ ನಡೆದು ಬಂತು. ಸಾಗಣೆಯಲ್ಲಿ ಡ್ರಮ್ ಅಲುಗದಿರಲೆಂದು ಹಿಂದೆ ಬಿಗಿದ ಬೋಲ್ಟುಗಳನ್ನು, ಮಷೀನು ಕೂರಿಸಲು ಬಂದವರು ಬಿಚ್ಚಿರಲಿಲ್ಲ. ಒಳಗೆ ಡ್ರಮ್ಮಿನ ತೊಟ್ಟಿ ಸ್ಪ್ರಿಂಗುಗಳಲ್ಲಿ ತೂಗಾಡುತ್ತಿರುತ್ತದೆ, ಅದಕ್ಕೆ ಕಾಂಕ್ರೀಟಿನ ಭಾರವನ್ನೂ ಕಟ್ಟಿರುತ್ತಾರೆ. ಬಟ್ಟೆ ಒಂದೇ ಕಡೆ ಗುಂಪಾಗಿ ಅರ್ಧ ಕೆ.ಜಿ. ಹೆಚ್ಚಾದರೂ 1000 ಸುತ್ತಿನಲ್ಲಿ ಅದು 130 ಕೆ.ಜಿ.ಗೂ ಮೀರಿದ ಬಲದಿಂದ ಜಗ್ಗುತ್ತದೆ. ಸ್ಪ್ರಿಂಗು ಆ ಜಗ್ಗಾಟವನ್ನು ತನ್ನೊಳಗೇ ತಾಳಿಕೊಳ್ಳುತ್ತದೆ. ಬೋಲ್ಟು ಬಿಗಿದಿದ್ದರೆ ಅದೆಲ್ಲ ನೆಲಕ್ಕೆ ಇಳಿಯುತ್ತದೆ. 1937ರಲ್ಲಿ ಅಮೆರಿಕದಲ್ಲಿ ಬಂದ ಬೆಂಡಿಕ್ಸ್ ಎಂಬ ಸ್ವಯಂಚಾಲಿತ ಫ್ರಂಟ್ ಲೋಡ್ ಮಷೀನನ್ನು ಈ ಜಗ್ಗಾಟದಿಂದಾಗಿಯೇ ನೆಲಕ್ಕೆ ಬೋಲ್ಟು ಹಾಕಿ ಕೂರಿಸಬೇಕಿತ್ತು.

ನಮ್ಮದು ಬೋರ್ ನೀರು. ಕುಡಿಯುವ ನೀರಿನ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣ, ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಲೀಟರಿಗೆ 400 ಮಿಲಿಗ್ರಾಂ ಇರುವ ನೀರನ್ನು ಫ್ರಂಟ್ ಲೋಡ್‌ಗೆ ಒಮ್ಮೆ 15 ಲೀಟರ್ ತುಂಬಿದರೆ ಅದರಲ್ಲಿ 6 ಗ್ರಾಂ ಗಡಸು, ಟಾಪ್ ಲೋಡ್‌ಗೆ 50 ಲೀಟರ್ ತುಂಬಿದರೆ 20 ಗ್ರಾಂ. ಅಂದರೆ ನೀರು ಕಡಿಮೆಯಾದಷ್ಟೂ ಗಡಸನ್ನು ಮಣಿಸಲು ಬೇಕಾದ ಪುಡಿಯೂ ಕಡಿಮೆ. ಬೋರ್ ನೀರಿಗೆ ಫ್ರಂಟ್ ಲೋಡ್ ಆಗದು ಎನ್ನುವವರು ಈ ಲೆಕ್ಕ ನೋಡಬೇಕು. ಆದರೆ ಅವರ ಭಯದಲ್ಲಿ ನಿಜವೂ ಇದೆ: ಕಾಯಿಸಿದಾಗ ಈ ನೀರಿನಿಂದ ಸುಣ್ಣದ ಬಿಳಿ ಪದರ ಹೀಟರಿನ ಮೇಲೆ ಕೂರುತ್ತದೆ, ಗೀಸರಿನಲ್ಲಿ ಆಗುವ ಹಾಗೆಯೇ. ಒಂದೆರಡು ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಬಿಸಿ ನೀರಲ್ಲಿ ಓಡಿಸಿದರೆ ಆ ಸುಣ್ಣ ಗುಳ್ಳೆಯೆದ್ದು ಕರಗುತ್ತದೆ. ಬಾಗಿಲಿನ ರಬ್ಬರಿನ ಮಡಿಕೆಯನ್ನು ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಬೂಷ್ಟಿನ ವಾಸನೆಯೂ ಇರುವುದಿಲ್ಲ.

ಅರಿಶಿನದ ಕಲೆ ಮಾತ್ರ ಇದಕ್ಕೂ ಬಗ್ಗಲಿಲ್ಲ. ಸೋಡಾ ಇರುವ ಪುಡಿ ತಾಗಿದೊಡನೆ ಅದು ಕೆಂಪಾಯಿತು, ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವಾಗ ಆಗುವುದೂ ಇದೇ. ಜಾಲಾಡಿದ ಮೇಲೆ ಮತ್ತೆ ಹಳದಿಗೆ ತಿರುಗಿ ಕೂತಿತು. ಅರಿಶಿನದ ಬಣ್ಣದ ಅಣು ಸೋಲುವುದು ಬೆಳಕಿಗೆ. ಅವ್ವ ಆ ಒದ್ದೆ ಟವೆಲ್ಲನ್ನು ತಾರಸಿಯ ತಂತಿಯ ಮೇಲೆ, ಕಲೆಯಿದ್ದ ಮಗ್ಗುಲು ಬಿಸಿಲಿಗೆ ಬರುವಂತೆ ಹರವಿದಳು. ಎರಡನೆಯ ದಿನದ ಸಂಜೆಗೆ ಕಲೆ ಹುಡುಕಿದರೂ ಸಿಗಲಿಲ್ಲ.