ಸೀಟಿನ ಮೇಲಿನ ಲಗೇಜ್ ಜಾಗ ಯಾರದ್ದು?

ಓದುಗರ ಪ್ರಶ್ನೆ: ವಿಮಾನದಲ್ಲಿ ನನ್ನ ಸೀಟಿನ ನೇರ ಮೇಲಿರುವ ಲಗೇಜ್ ಬಿನ್ ನನಗೇ ಸೇರಿದ್ದಲ್ಲವೇ? ಮೊನ್ನೆ ದೆಹಲಿಗೆ ಹೊರಟಾಗ ಏಳನೇ ಸಾಲಿನಲ್ಲಿ ಸೀಟು ಸಿಕ್ಕಿತ್ತು. ನಾನು ಹತ್ತುವಷ್ಟರಲ್ಲಿ ಮೇಲೆ ಪೂರ್ತಿ ಭರ್ತಿ. ಅದರಲ್ಲಿದ್ದ ಒಂದು ಟ್ರಾಲಿ ಎಲ್ಲೋ ಹಿಂದೆ ಕೂತವರದ್ದು ಅಂತ ಆಮೇಲೆ ಗೊತ್ತಾಯಿತು. ಅಂಥ ಬ್ಯಾಗನ್ನು ತೆಗೆದು ಬೇರೆ ಕಡೆ ಇಡಬಹುದಾ?

ಉತ್ತರ: ನಿಮ್ಮದಲ್ಲ. ತೆಗೆದಿಡುವುದೂ ಬೇಡ. ಆದರೆ ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಯಾಕೆ ಅಂತ ಹೇಳುತ್ತೇನೆ.

ಟಿಕೆಟ್ಟಿನ ಜೊತೆ ನಿಮಗೆ ಸಿಗುವುದು ಒಂದು ಸೀಟು ಮತ್ತು ಒಂದು ಕೈಚೀಲ ಒಯ್ಯುವ ಅನುಮತಿ. ದೇಶದೊಳಗಿನ ಎಕಾನಮಿಯಲ್ಲಿ ಸಾಮಾನ್ಯವಾಗಿ 7 ಕೆ.ಜಿ. ಅದನ್ನು ಇಂಥ ಕಡೆಯೇ ಇಡಲು ಜಾಗ ಕೊಡುತ್ತೇವೆ ಅಂತ ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ಬಿನ್ ಎಲ್ಲರದ್ದು, ಮೊದಲು ಹತ್ತಿದವರಿಗೆ ಮೊದಲು. ಇನ್ನು ಮುಂದಿನ ಒಂದೆರಡು ಬಿನ್‌ಗಳಲ್ಲಿ ಆಕ್ಸಿಜನ್ ಸಿಲಿಂಡರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಂಥ ತುರ್ತು ಸಾಮಾನು ಇರುವುದುಂಟು. ಆ ಸಾಲಿನವರಿಗೆ ‘ನಮ್ಮ ಮೇಲಿನ ಜಾಗ’ ಅನ್ನುವುದೇ ಇರುವುದಿಲ್ಲ. ಅವರು ಹಿಂದಕ್ಕೋ ಪಕ್ಕಕ್ಕೋ ಸರಿಯಲೇಬೇಕು.

‘ಅವರವರ ಸಾಲಿನ ಮೇಲೆ ಅವರವರ ಬ್ಯಾಗು’ ಅಂತ ನಿಯಮ ಮಾಡಿದರೆ ಸರಿಹೋಗದೇ? ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ಕೂರುವುದಿಲ್ಲ. ನಾವು ಹೆಚ್ಚಾಗಿ ಹತ್ತುವ ಏರ್‌ಬಸ್ ಎ320ರಲ್ಲಿ ನಡುದಾರಿಯ ಒಂದೊಂದು ಬದಿಗೆ ಮೂರು ಸೀಟು. ಕಡಿಮೆ ದರದ ವಿಮಾನಗಳಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸುಮಾರು 28ರಿಂದ 30 ಇಂಚು ಅಂತರ, ಅಂದರೆ 71ರಿಂದ 76 ಸೆಂ.ಮೀ. ಮೂರು ಜನರ ಪಾಲಿಗೆ ಬರುವ ಬಿನ್ನಿನ ಉದ್ದ ಅಷ್ಟೇ. ಈಗ ಬ್ಯಾಗು ನೋಡಿ: ಕಂಪನಿ ಒಪ್ಪುವ ಅಳತೆ ಸಾಮಾನ್ಯವಾಗಿ 55, 35, 25 ಸೆಂ.ಮೀ. ಉದ್ದನೆಯ ಬದಿಯನ್ನು ಒಳಕ್ಕೆ ಮಾಡಿ ಮಲಗಿಸಿ ಇಟ್ಟರೆ ಒಂದೊಂದು ಬ್ಯಾಗಿಗೆ 35 ಸೆಂ.ಮೀ., ಮೂರಕ್ಕೆ 105. ಅಂದರೆ ಮೂವರಲ್ಲಿ ಒಬ್ಬರ ಬ್ಯಾಗು ನಿಯಮದ ಪ್ರಕಾರವೇ ಇದ್ದರೂ ಹೊರಗೆ ಉಳಿಯುತ್ತದೆ. ಕಪಾಟಿನ ಪುಸ್ತಕದ ಹಾಗೆ ಅಂಚಿನ ಮೇಲೆ ನಿಲ್ಲಿಸಿದರೆ ಮೂರಕ್ಕೆ 75 ಸೆಂ.ಮೀ. ಸಾಕು. ಅದೂ ಅಂಚಿಗೆ ಅಂಚು ತಾಗಿಸಿದ ಹಾಗೆ.

ಆದರೆ ಹಳೆಯ ಬಿನ್‌ಗಳಲ್ಲಿ ನಿಲ್ಲಿಸುವಷ್ಟು ಎತ್ತರ ಇರುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ವಿಮಾನ ತಯಾರಿಸುವವರಿಗೂ ಇದು ತಲೆನೋವೇ ಆಗಿತ್ತು. ಬೋಯಿಂಗ್ 2015ರಲ್ಲಿ ತನ್ನ 737ಕ್ಕೆ ತಂದ ಹೊಸ ಬಿನ್‌ನಲ್ಲಿ ನಾಲ್ಕು ಬ್ಯಾಗಿನ ಬದಲು ಆರು ಹಿಡಿಯುತ್ತವೆ. ಮಾಡಿದ್ದು ಇಷ್ಟೇ: ಬಿನ್ನನ್ನು ಆಳ ಮಾಡಿ ಬ್ಯಾಗು ನಿಲ್ಲುವಂತೆ ಮಾಡಿದರು. ಏರ್‌ಬಸ್‌ನ ಹೊಸ ಕ್ಯಾಬಿನ್‌ಗಳಲ್ಲೂ ಇದೇ ಏರ್ಪಾಡು. ಹೊಸ ವಿಮಾನ ಹತ್ತಿದಾಗ ಬಿನ್ನಿನ ಮೇಲೆ ಬ್ಯಾಗನ್ನು ನಿಲ್ಲಿಸಿಡುವ ಚಿತ್ರ ಅಂಟಿಸಿರುವುದನ್ನು ನೋಡಿರಬಹುದು. ನೋಡಿಯೂ ನಾವು ಹಾಯಾಗಿ ಮಲಗಿಸಿ ಇಡುತ್ತೇವೆ.

ಹಿಂದೆ ಈ ಜಗಳವೇ ಇರಲಿಲ್ಲ. ಹಳೆಯ ವಿಮಾನಗಳಲ್ಲಿ ತಲೆಯ ಮೇಲೆ ಇದ್ದದ್ದು ಟೋಪಿ, ಕೋಟು ಇಡುವ ತೆರೆದ ಅಟ್ಟಣಿಗೆ ಮಾತ್ರ. ಭಾರದ ಸಾಮಾನೆಲ್ಲ ಕೆಳಗೆ ಹೋಗುತ್ತಿತ್ತು. ಅಮೆರಿಕದಲ್ಲಿ ಕಾವು ಏರಿದ್ದು 2008ರಲ್ಲಿ. ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್‌-ಇನ್ ಬ್ಯಾಗಿಗೇ 15 ಡಾಲರ್ ಕೇಳಲು ಶುರು ಮಾಡಿತು, ಉಳಿದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಹಿಂದೆಯೇ ಬಂದವು. ದುಡ್ಡು ಉಳಿಸಲು ಜನ ಎಲ್ಲವನ್ನೂ ಕೈಯಲ್ಲೇ ಹಿಡಿದು ಹತ್ತತೊಡಗಿದರು. 2010ರಲ್ಲಿ ಸ್ಪಿರಿಟ್ ಕಂಪನಿ ಇನ್ನೊಂದು ಹೆಜ್ಜೆ ಹೋಗಿ ಬಿನ್‌ನಲ್ಲಿಡುವ ಬ್ಯಾಗಿಗೂ ದರ ಹಾಕಿತು. ಸೀಟಿನ ಕೆಳಗೆ ಹಿಡಿಸುವುದು ಮಾತ್ರ ಪುಕ್ಕಟೆ. ನಮ್ಮಲ್ಲಿ ಸಾಮಾನ್ಯ ಟಿಕೆಟ್ಟಿನಲ್ಲಿ 15 ಕೆ.ಜಿ. ಚೆಕ್‌-ಇನ್ ಸೇರಿಯೇ ಇರುತ್ತದೆ. ಆದರೂ ಬಿನ್ ತುಂಬಿ ತುಳುಕುತ್ತದೆ. ಕಾರಣ ದುಡ್ಡಲ್ಲ, ಲಗೇಜ್ ಬರುವ ಬೆಲ್ಟಿನ ಮುಂದೆ ಕಾಯುವ ಬೇಸರ. ಇಳಿದ ಮೇಲೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ತಾಸು ಕೂರುವವರು ಬೆಲ್ಟಿನ ಹತ್ತಿರ ಇಪ್ಪತ್ತು ನಿಮಿಷ ನಿಲ್ಲಲು ಒಪ್ಪುವುದಿಲ್ಲ.

ಈಗ ನಿಮ್ಮ ಸಿಟ್ಟಿಗೆ ಬರೋಣ. ಬೇರೆಯವರ ಬ್ಯಾಗು ನಿಮ್ಮ ತಲೆ ಮೇಲೆ ಇರುವುದು ತಪ್ಪಲ್ಲ, ಮೇಲಿನ ಲೆಕ್ಕದ ಪ್ರಕಾರ ಅದು ಅನಿವಾರ್ಯ. ತಪ್ಪಿರುವುದು ದಿಕ್ಕಿನಲ್ಲಿ. ಮುಂದಿನ ಬಾಗಿಲಿನಿಂದ ಇಳಿಯುವಾಗ ಬ್ಯಾಗು ನಿಮಗಿಂತ ಮುಂದೆ ಇದ್ದರೆ ಹೋಗುತ್ತಾ ಎತ್ತಿಕೊಂಡರಾಯಿತು. ಹಿಂದೆ ಇದ್ದರೆ ಪ್ರವಾಹಕ್ಕೆ ಎದುರಾಗಿ ಈಜಬೇಕು, ಇಲ್ಲವೇ ವಿಮಾನ ಖಾಲಿಯಾಗುವವರೆಗೆ ಕೂತಿರಬೇಕು. 24ನೇ ಸಾಲಿನ ಮನುಷ್ಯ ಒಳಗೆ ಬಂದವನೇ ಏಳನೇ ಸಾಲಿನ ಮೇಲೆ ಟ್ರಾಲಿ ತಳ್ಳಿ ಕೈ ಬೀಸಿಕೊಂಡು ಹಿಂದೆ ಹೋಗುತ್ತಾನಲ್ಲ, ಅವನಿಗೆ ಇದು ಚೆನ್ನಾಗಿ ಗೊತ್ತು. ಅವನಿಗೆ ನಷ್ಟವಿಲ್ಲ. ಏಳನೇ ಸಾಲಿನವರು ಮಾತ್ರ ತಮ್ಮದನ್ನು ಹದಿನೈದನೇ ಸಾಲಿನಲ್ಲಿಟ್ಟು, ಇಳಿಯುವಾಗ ಎಲ್ಲರ ಬಾಯಿಗೆ ಬೀಳಬೇಕು. ಬೋರ್ಡಿಂಗ್ ಕೂಡ ಅಲ್ಲಿಗೆ ಕೆಡುತ್ತದೆ: ನಡುದಾರಿಯಲ್ಲಿ ಒಬ್ಬರು ತಿರುಗಿ ಹಿಂದಕ್ಕೆ ಹೊರಟರೆ ನಲವತ್ತು ಜನ ಏರೋಬ್ರಿಡ್ಜಿನವರೆಗೂ, ಅಂದರೆ ನಿಲ್ದಾಣದಿಂದ ವಿಮಾನಕ್ಕೆ ಹಾಕಿದ ಸೇತುವೆಯವರೆಗೂ, ನಿಂತುಬಿಡುತ್ತಾರೆ.

ಹಾಗಾಗಿ ನಾನು ಪಾಲಿಸುವ, ಪಾಲಿಸಿ ಅಂತ ಹೇಳುವ ಕ್ರಮ ಇದು. ಮೊದಲು ನಿಮ್ಮ ಸಾಲಿನ ಎರಡೂ ಬದಿ ನೋಡಿ. ಇಲ್ಲದಿದ್ದರೆ ಒಂದೆರಡು ಸಾಲು ಆಚೀಚೆ. ಅಲ್ಲೂ ಇಲ್ಲವೆಂದರೆ ಗಗನಸಖಿಯನ್ನು ಕೇಳಿ. ಎಲ್ಲಿ ಜಾಗ ಉಳಿದಿದೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಇದ್ದದ್ದನ್ನು ತಿರುಗಿಸಿ, ಸರಿಸಿ ಜಾಗ ಮಾಡುವ ಅಧಿಕಾರವೂ ಅವರದೇ. ಆದರೆ ಎತ್ತಿಡುವುದು ಅವರ ಕೆಲಸವಲ್ಲ. ಸಾಲು ಸಾಲಾಗಿ ಇಡೀ ದಿನ ಬ್ಯಾಗು ಎತ್ತಿದರೆ ಯಾರ ಸೊಂಟವೂ ಉಳಿಯುವುದಿಲ್ಲ. ನಿಮ್ಮಿಂದ ಎತ್ತಲಾಗದಷ್ಟು ಭಾರ ಇದ್ದರೆ ಕೌಂಟರಿನಲ್ಲೇ ಕೊಟ್ಟುಬಿಡಿ. ವಯಸ್ಸಾದವರು, ಬಸುರಿಯರು, ಕಂಕುಳಲ್ಲಿ ಮಗು ಇರುವವರ ಮಾತು ಬೇರೆ. ಅವರಿಗೆ ಪಕ್ಕದ ಸೀಟಿನವರು ಕೈ ಕೊಡುವುದು ಲೋಕರೂಢಿ. ಅದೂ “ಎತ್ತಿಡ್ಲಾ ಅಮ್ಮಾ?” ಅಂತ ಒಂದು ಮಾತು ಕೇಳಿದ ಮೇಲೆ. ಕೇಳದೆ ಕಸಿದುಕೊಂಡರೆ ಅವರು ಗಾಬರಿಯಾಗುತ್ತಾರೆ.

ಬೇರೆಯವರ ಬ್ಯಾಗು ಸ್ವಲ್ಪ ಸರಿಸಿದರೆ ನಿಮ್ಮದು ಕೂರುತ್ತದೆ ಅಂತಿದ್ದರೆ ಗಟ್ಟಿಯಾಗಿ ಕೇಳಿ: “ಈ ನೀಲಿ ಬ್ಯಾಗು ಯಾರದ್ದು ಸಾರ್? ಸ್ವಲ್ಪ ನಿಲ್ಲಿಸಿ ಇಡ್ತೀನಿ.” ಹತ್ತರಲ್ಲಿ ಒಂಬತ್ತು ಸಲ ಯಾರೋ ಎದ್ದು ತಾವೇ ಸರಿ ಮಾಡುತ್ತಾರೆ. ಹೇಳದೆ ಕೇಳದೆ ಒತ್ತಿದರೆ ಏನಾಗುತ್ತದೆ ಅಂತ ಮಂಗಳೂರು–ಮುಂಬೈ ವಿಮಾನದಲ್ಲಿ ಒಮ್ಮೆ ನೋಡಿದ್ದೇನೆ. ಒಬ್ಬ ಹೆಂಗಸು ಮದುವೆಗೆಂದು ಶಂಕರಪುರ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಕಟ್ಟಿ, ಬಟ್ಟೆಯ ಚೀಲದಲ್ಲಿ ಬಿನ್ನಿನ ಮೂಲೆಗೆ ಇಟ್ಟಿದ್ದರು. ಕೊನೆಯಲ್ಲಿ ಬಂದ ಒಬ್ಬರು ಗಟ್ಟಿ ಕವಚದ ಟ್ರಾಲಿಯನ್ನು ಒಳಗೆ ನೂಕಿದರು, ಹೋಗಲಿಲ್ಲ. ಭುಜ ಕೊಟ್ಟು ಇನ್ನೊಮ್ಮೆ ನೂಕಿದರು, ಬಾಗಿಲು ಟಪ್ ಅಂತ ಮುಚ್ಚಿತು. ಮುಂಬೈ ತಲುಪುವವರೆಗೂ ಸುತ್ತಲಿನ ನಾಲ್ಕು ಸಾಲಿಗೆ ಘಮ್ಮೆನ್ನುವ ಪರಿಮಳ. ಇಳಿಯುವಾಗ ಆಕೆ ಚೀಲ ಬಿಚ್ಚಿ ನೋಡಿದರೆ ಬಾಳೆಲೆ ಸೀಳಿ, ಮೊಗ್ಗೆಲ್ಲ ಅಪ್ಪಚ್ಚಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಟ್ರಾಲಿಯವರು “ಅಯ್ಯೋ, ಗೊತ್ತಾಗ್ಲಿಲ್ಲಮ್ಮ” ಅಂದರು. ಗೊತ್ತಾಗಿರಲಿಕ್ಕಿಲ್ಲ, ನಿಜ. ಆದರೆ ಹೂವು, ಸಿಹಿಯ ಪೆಟ್ಟಿಗೆ, ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಒಯ್ಯುವವರಿಗೂ ನನ್ನ ಸಲಹೆ ಇದೆ: ಅವುಗಳನ್ನು ಎಲ್ಲಕ್ಕಿಂತ ಮೊದಲು ಮೂಲೆಗೆ ಇಡಬೇಡಿ. ಗಟ್ಟಿ ಬ್ಯಾಗುಗಳೆಲ್ಲ ಕೂತ ಮೇಲೆ ಅವುಗಳ ಮೇಲೆ ಇಡಿ, ಇಲ್ಲವೇ ಮುಂದಿನ ಸೀಟಿನ ಕೆಳಗೆ.

ಹೀಗೆ ಕಾರ್ತೀಕದ ಹೊತ್ತಿಗೆ ಎದುರಾಗುವ ಇನ್ನೊಂದು ಸಂಗತಿ ಇರುಮುಡಿ. ಕೈಚೀಲದಲ್ಲಿ ತೆಂಗಿನಕಾಯಿಗೆ ಇದ್ದ ನಿರ್ಬಂಧವನ್ನು ಶಬರಿಮಲೆ ಯಾತ್ರಿಗಳಿಗಾಗಿ 2024ರ ಅಕ್ಟೋಬರಿನಲ್ಲಿ ಸಡಿಲಿಸಿ, 2025ರ ಜನವರಿ 20ರವರೆಗೆ ಇರುಮುಡಿಯನ್ನು ಕ್ಯಾಬಿನ್‌ಗೆ ಬಿಟ್ಟಿದ್ದರು. ಮಾಲೆ ಹಾಕಿದ ಸ್ವಾಮಿಗಳು ಅದನ್ನು ಮೇಲೆ ಇಟ್ಟಿದ್ದಾಗ ಅದರ ಮೇಲೆ ನಿಮ್ಮ ಬ್ಯಾಗು ಹೇರದಿದ್ದರೆ ಸಾಕು. ಇದಕ್ಕೆ ನಿಯಮ ಪುಸ್ತಕ ಬೇಕಿಲ್ಲ.

ಬಿನ್ ತುಂಬಲು ದೊಡ್ಡ ಬ್ಯಾಗುಗಳಷ್ಟೇ ಕಾರಣವಲ್ಲ, ಚಿಲ್ಲರೆ ಸಾಮಾನೂ ಕಾರಣ. ಒಬ್ಬರೇ ಟ್ರಾಲಿ, ಲ್ಯಾಪ್‌ಟಾಪ್ ಚೀಲ, ಜಾಕೆಟ್ಟು, ನಿಲ್ದಾಣದಲ್ಲಿ ಕೊಂಡ ತಿಂಡಿಯ ಕವರು, ನಾಲ್ಕನ್ನೂ ಬಿಡಿಬಿಡಿಯಾಗಿ ಹರಡಿ ಕೂರುತ್ತಾರೆ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 2000ನೇ ಇಸವಿಯಲ್ಲೇ ಹೇಳಿದೆ: ಮಹಿಳೆಯರ ಪರ್ಸಿನಂಥ, ಪಟ್ಟಿಯಲ್ಲಿರುವ ವಸ್ತುಗಳನ್ನು ಬಿಟ್ಟರೆ ಕೈಚೀಲ ಒಂದೇ. 2022ರ ಜನವರಿಯಲ್ಲಿ ಅದನ್ನೇ ಮತ್ತೆ ನೆನಪಿಸಿದರು. ಕಂಪನಿಗಳು ಲ್ಯಾಪ್‌ಟಾಪ್ ಚೀಲಕ್ಕೂ ಸಡಿಲ ಬಿಡುತ್ತವೆ, ಸರಿ. ಆದರೆ ಅದರ ಜಾಗ ಮುಂದಿನ ಸೀಟಿನ ಕೆಳಗೆ, ಕಾಲ ಹತ್ತಿರ. ಜಾಕೆಟ್ಟನ್ನು ತೊಡೆ ಮೇಲೆ ಇಟ್ಟುಕೊಂಡು, ಎಲ್ಲರೂ ಹತ್ತಿ ಮುಗಿದ ಮೇಲೆ ಸಂದಿಯಲ್ಲಿ ತುರುಕಿ. ಇದರಲ್ಲಿ ವಿನಾಯಿತಿ ಇರುವುದು ತುರ್ತು ಬಾಗಿಲಿನ ಸಾಲಿನವರಿಗೆ ಮತ್ತು ಎದುರಿಗೆ ಸೀಟಿಲ್ಲದ ಮೊದಲ ಸಾಲಿನವರಿಗೆ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಅವರ ಕಾಲ ಬಳಿ ಏನೂ ಇರಕೂಡದು. ಅವರ ಪುಟ್ಟ ಪರ್ಸೂ ಮೇಲೇ ಹೋಗಬೇಕು. ಅಲ್ಲಿ ಕೂತವರು “ಸ್ವಲ್ಪ ಜಾಗ ಮಾಡ್ತೀರಾ” ಅಂದರೆ ಮುಖ ಸಿಂಡರಿಸಬೇಡಿ.

ಹುಬ್ಬಳ್ಳಿ, ಶಿವಮೊಗ್ಗದಂಥ ಊರಿಗೆ ಎಟಿಆರ್ ಎಂಬ ಚಿಕ್ಕ ವಿಮಾನದಲ್ಲಿ ಹೋಗುವವರಿಗೆ ಬಿನ್ ಜಗಳವೇ ಇಲ್ಲ. ಅಲ್ಲಿನ ಬಿನ್‌ಗಳು ಅಷ್ಟು ಚಿಕ್ಕವು. ಟ್ರಾಲಿಗೆ ಟ್ಯಾಗ್ ಕಟ್ಟಿ ಕೆಳಗೆ ಕಳಿಸುವುದು ಮಾಮೂಲು. ದೊಡ್ಡ ವಿಮಾನ ತುಂಬಿದಾಗಲೂ ಕೊನೆಗೆ ಹತ್ತುವವರಿಗೆ ಇದೇ ಗತಿ. ಅದನ್ನು ಅವಮಾನ ಅಂತ ತಿಳಿದು ವಾದಕ್ಕೆ ನಿಲ್ಲುವವರಿದ್ದಾರೆ. ಆ ಎರಡು ನಿಮಿಷವನ್ನು ವಾದಕ್ಕಲ್ಲ, ಬ್ಯಾಗು ತೆರೆಯಲು ಬಳಸಿ. ಔಷಧಿ, ಮನೆ ಬೀಗದ ಕೈ, ಒಡವೆ, ಲ್ಯಾಪ್‌ಟಾಪ್ ಹೊರಗೆ ತೆಗೆಯಿರಿ. ಪವರ್ ಬ್ಯಾಂಕ್ ಇದ್ದರೆ ಅದನ್ನಂತೂ ತೆಗೆಯಲೇಬೇಕು, ಅದು ಸರಕಿನ ಜೊತೆ ಹೋಗುವಂತಿಲ್ಲ.

ಪವರ್ ಬ್ಯಾಂಕಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಅದನ್ನು ಬಿನ್‌ನಲ್ಲೂ ಇಡಬೇಡಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನ ಸುಟ್ಟುಹೋಯಿತು. ಬೆಂಕಿ ಕಾಣಿಸಿಕೊಂಡದ್ದು ಹಿಂಭಾಗದ ಬಿನ್‌ನಲ್ಲಿ, ಅನುಮಾನ ಪವರ್ ಬ್ಯಾಂಕಿನ ಮೇಲೆ. ಜನ ಬದುಕಿ ಹೊರಬಂದರು. ಮಾರ್ಚ್ 1ರಿಂದ ಆ ದೇಶದ ವಿಮಾನಗಳಲ್ಲಿ ಪವರ್ ಬ್ಯಾಂಕನ್ನು ಬಿನ್‌ನಲ್ಲಿ ಇಡುವುದನ್ನೇ ನಿಷೇಧಿಸಿದರು. ಮುಚ್ಚಿದ ಬಿನ್‌ನಲ್ಲಿ ಬ್ಯಾಟರಿ ಹೊಗೆಯಾಡಿದರೆ ತಕ್ಷಣ ಯಾರಿಗೂ ಕಾಣುವುದಿಲ್ಲ. ಕೈಗೆ ಸಿಗುವಲ್ಲಿ ಇದ್ದರೆ ಬಿಸಿಯಾದದ್ದು ಮೊದಲು ಗೊತ್ತಾಗುವುದು ನಿಮಗೇ.

ಇನ್ನು ಎಲ್ಲರನ್ನೂ ಕೆಳಗಿಳಿಯಿರಿ ಅಂದಾಗ ಬಿನ್ ತೆರೆಯುವ ಮಾತೇ ಇಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುತ್ತಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಾಗ, ಒಳಗಿದ್ದ 379 ಜನರೂ ಬ್ಯಾಗು ಬಿಟ್ಟು ಇಳಿದು ಉಳಿದರು. ಆಮೇಲೆ ಆ ವಿಮಾನ ಪೂರ್ತಿ ಬೂದಿಯಾಯಿತು.

ಮಾಮೂಲಿ ಇಳಿಯುವ ಹೊತ್ತಿನ ಶಿಷ್ಟಾಚಾರ ಸರಳ: ವಿಮಾನ ನಿಂತು, ಸೀಟ್ ಬೆಲ್ಟಿನ ದೀಪ ಆರುವವರೆಗೆ ಬಿನ್ ಮುಟ್ಟಬೇಡಿ. ತೆರೆಯುವಾಗ ಇನ್ನೊಂದು ಅಂಗೈ ಬಾಗಿಲ ಸಂದಿಗೆ ಅಡ್ಡ ಇರಲಿ. ಒಳಗಿನದ್ದು ಜರುಗಿ ಬಾಗಿಲಿಗೆ ಒರಗಿರುತ್ತದೆ, ಬಿದ್ದರೆ ನಡುದಾರಿಯ ಸೀಟಿನವರ ತಲೆ ಮೇಲೇ. ಬ್ಯಾಗು ಹಿಂದೆ ಎಲ್ಲೋ ಇದ್ದರೆ ಅಲ್ಲಿ ನಿಂತವರನ್ನು ಕೇಳಿ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಾರೆ. ಆಗದಿದ್ದರೆ ಕೂತಿರಿ.

ನಿಮ್ಮ 24ನೇ ಸಾಲಿನ ಗೆಳೆಯರಿಗೆ ಮಾತ್ರ ನಮ್ಮ ನಿಲ್ದಾಣಗಳಲ್ಲಿ ಒಂದು ಅಪಾಯ ಕಾದಿರುತ್ತದೆ. ವಿಮಾನ ಏರೋಬ್ರಿಡ್ಜಿಗೆ ಹೋಗದೆ ದೂರ ನಿಂತರೆ ಮುಂದೆ, ಹಿಂದೆ ಎರಡೂ ಕಡೆ ಮೆಟ್ಟಿಲು ಹಾಕುತ್ತಾರೆ. ಹಿಂದಿನ ಸಾಲಿನವರೆಲ್ಲ ಹಿಂಬಾಗಿಲಿನಿಂದ ಇಳಿದು ಬಸ್ಸು ಹತ್ತುತ್ತಾರೆ. ಇವರ ಟ್ರಾಲಿ ಏಳನೇ ಸಾಲಿನ ಮೇಲೆ. ದಾರಿ ಬಿಡಿ ಅಂತ ಕೇಳಿದರೆ ಬಿಡಿ, ಪರವಾಗಿಲ್ಲ. ಆದರೆ ನೀವು ಇಳಿದಾದ ಮೇಲೆ.