ವೆಬ್‌ಸೈಟ್ ಮಾಡಿಸಿ ವರ್ಷವಾಗುತ್ತ ಬಂತು, ಯಾರೂ ಬರುತ್ತಿಲ್ಲ. ಏನು ಮಾಡಲಿ?

ಓದುಗರ ಪ್ರಶ್ನೆ: "ನಮಸ್ಕಾರ್ರೀ ಸರ್. ನಮ್ಮದು ಇಳಕಲ್ಲಿನ್ಯಾಗ ಸೀರಿ ಅಂಗಡಿ. ಅಜ್ಜಾರ ಕಾಲದಿಂದ ಐತಿ, ಮನ್ಯಾಗ ಎರಡು ಮಗ್ಗ ಅದಾವ. ಹೋದ ದೀಪಾವಳಿಗೆ 22 ಸಾವಿರ ಕೊಟ್ಟು ವೆಬ್‌ಸೈಟ್ ಮಾಡಿಸಿದೆ. ಇವತ್ತಿನ ತನಕ ಅದರಿಂದ ಒಂದ ಸೀರಿ ಸೈತ ಹೋಗಿಲ್ಲ. ಮಾಡಿಕೊಟ್ಟವರನ್ನ ಕೇಳಿದ್ರ, ಟ್ರಾಫಿಕ್ ಬೇಕಂದ್ರ ತಿಂಗಳಿಗೆ 8 ಸಾವಿರದ ಎಸ್‌ಇಒ ಪ್ಯಾಕೇಜ್ ತಗೋರಿ ಅಂತಾರ. ತಗೋಬೇಕೋ ಬ್ಯಾಡೋ, ಒಂದೀಟ ಹೇಳ್ರಿ."

ಸದ್ಯಕ್ಕೆ ಬೇಡ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. (ಟ್ರಾಫಿಕ್ ಅಂದರೆ ಸೈಟಿಗೆ ಬರುವ ಜನ, ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಸೈಟ್ ಮೇಲೆ ಕಾಣುವಂತೆ ಮಾಡುವ ಕೆಲಸ.)

ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ. ಸಿರ್ಸಿ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವರು, ಚನ್ನಪಟ್ಟಣದ ಗೊಂಬೆ ಅಂಗಡಿಯವರು, ಪಂಪ್‌ಸೆಟ್ ರಿಪೇರಿಯವರು, ಎಲ್ಲರೂ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಾರೆ. ಹಾಗಾಗಿ ನಿಮ್ಮ ಸೀರೆಯನ್ನೇ ಮುಂದಿಟ್ಟುಕೊಂಡು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಳಿದವರು ತಮ್ಮ ತಮ್ಮ ಸರಕಿಗೆ ಹೊಂದಿಸಿಕೊಳ್ಳಲಿ.

ಜನ ಬರುತ್ತಿಲ್ಲ ಅನ್ನುವ ಮೊದಲು, ನಿಮ್ಮ ಸೈಟ್ ಇದೆ ಅನ್ನುವುದು ಗೂಗಲ್‌ಗಾದರೂ ಗೊತ್ತೇ ಅಂತ ನೋಡಿ. ಗೂಗಲ್‌ನಲ್ಲಿ ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' ಎಂದು ಬರೆದು, ಪಕ್ಕಕ್ಕೆ ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸ ಸೇರಿಸಿ. ನಿಮ್ಮ ಪುಟಗಳ ಪಟ್ಟಿ ಬಂದರೆ ಸರಿ. ಏನೂ ಬರದಿದ್ದರೆ ಬಹುಶಃ ಬಾಗಿಲು ಒಳಗಿನಿಂದಲೇ ಚಿಲಕ ಹಾಕಿದೆ. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಸೈಟಾದರೆ ಸೆಟ್ಟಿಂಗ್ಸ್‌ಗೆ ಹೋಗಿ ರೀಡಿಂಗ್ ಎಂಬಲ್ಲಿ ಒತ್ತಿ. ಸರ್ಚ್ ಎಂಜಿನ್‌ಗಳು ಈ ಸೈಟಿಗೆ ಬಾರದಂತೆ ಕೇಳಿಕೊಳ್ಳುವ ಒಂದು ಟಿಕ್ ಬಾಕ್ಸ್ ಅಲ್ಲಿದೆ. ಸೈಟ್ ಕಟ್ಟುತ್ತಿರುವಾಗ ಅರೆಬರೆ ಪುಟ ಹೊರಗೆ ಕಾಣಬಾರದು ಅಂತ ಅದನ್ನು ಹಾಕಿಡುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ನಾನೂ ಮರೆತಿದ್ದೇನೆ. ಹಪ್ಪಳ ಸಂಡಿಗೆ ಮಾಡಿ ಮಾರುವ ಒಬ್ಬ ಅಕ್ಕನಿಗೆ ಫೆಬ್ರುವರಿಯಲ್ಲಿ ಸೈಟ್ ಮಾಡಿಕೊಟ್ಟು, ಆ ಟಿಕ್ ಹಾಗೇ ಬಿಟ್ಟಿದ್ದೆ. ಬೇಸಿಗೆ ಪೂರ್ತಿ, ಅಂದರೆ ಅವರ ವ್ಯಾಪಾರದ ಸೀಸನ್ನೇ, ಕೈತಪ್ಪಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಅದು ನನಗೆ ಇನ್ನೂ ನೋಯುತ್ತದೆ, ಯಾರ ಸೈಟ್ ಕೈಗೆ ಬಂದರೂ ಮೊದಲು ಅದನ್ನೇ ತೆರೆದು ನೋಡುತ್ತೇನೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಸೈಟ್ ಸೇರಿಸಿ. ದುಡ್ಡೇನೂ ಇಲ್ಲ. ಜನ ಏನೆಂದು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಕಂಡ ಲೆಕ್ಕಕ್ಕೆ ಇಂಪ್ರೆಷನ್ ಅನ್ನುತ್ತಾರೆ, ಒಳಗೆ ಬಂದ ಲೆಕ್ಕಕ್ಕೆ ಕ್ಲಿಕ್. ಇಂಪ್ರೆಷನ್ನೇ ಇಲ್ಲದಿದ್ದರೆ ಜನ ಹುಡುಕುವ ಮಾತು ನಿಮ್ಮ ಪುಟದಲ್ಲಿ ಇಲ್ಲ ಎಂದರ್ಥ. ಇಂಪ್ರೆಷನ್ ಇದ್ದು ಕ್ಲಿಕ್ ಇಲ್ಲದಿದ್ದರೆ, ಒಂದೋ ನೀವು ಪಟ್ಟಿಯಲ್ಲಿ ತೀರಾ ಕೆಳಗಿದ್ದೀರಿ, ಇಲ್ಲವೇ ಅಲ್ಲಿ ಕಾಣುವ ಶೀರ್ಷಿಕೆ ಯಾರನ್ನೂ ಕರೆಯುವಂತಿಲ್ಲ. ಎಷ್ಟೋ ಅಂಗಡಿಗಳ ಮೊದಲ ಪುಟದ ಶೀರ್ಷಿಕೆ ಬರೀ 'ಹೋಮ್' ಎಂದಿರುತ್ತದೆ. 'ಇಳಕಲ್ ಕೈಮಗ್ಗದ ಸೀರೆ, ನೇಕಾರರ ಮನೆಯಿಂದ' ಎಂದು ಅಲ್ಲಿ ಬರೆಯಲು ಐದು ನಿಮಿಷ ಸಾಕು.

ಕನ್ನಡದ ಸೈಟುಗಳಿಗೆ ಬರುವ ಒಂದು ತೊಂದರೆಯನ್ನು ಇಲ್ಲೇ ಹೇಳಿಬಿಡಬೇಕು. ಡಿಟಿಪಿ ಅಂಗಡಿಯಲ್ಲಿ ಪಾಂಪ್ಲೆಟ್‌ಗೆ ಅಂತ ಟೈಪ್ ಮಾಡಿಸಿದ ಬರಹವನ್ನೇ ವೆಬ್‌ಸೈಟಿಗೆ ಅಂಟಿಸುತ್ತಾರೆ. ಅದು ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದರೆ, ನಿಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಗೂಗಲ್‌ಗೂ ಅಷ್ಟೆ. ಯೂನಿಕೋಡ್ ಎಂಬ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿದ್ದರೆ ಮಾತ್ರ ಅದು ಕನ್ನಡ ಎಂದು ಗೊತ್ತಾಗುತ್ತದೆ. ಪರೀಕ್ಷೆ ಸುಲಭ: ಸೈಟಿನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಯೂನಿಕೋಡ್, ವಿಚಿತ್ರ ಗುರುತುಗಳು ಬಂದರೆ ಹಳೆಯ ಫಾಂಟು. ಕಾಪಿಯೇ ಆಗದಿದ್ದರೆ ಬಹುಶಃ ಬರಹವನ್ನು ಚಿತ್ರವಾಗಿ ಹಾಕಿದ್ದಾರೆ. ಬೆಲೆಪಟ್ಟಿ, ವಿಳಾಸ, ಫೋನ್ ನಂಬರ್ ಎಲ್ಲ ಒಂದು ಬ್ಯಾನರ್ ಚಿತ್ರದಲ್ಲೇ ಇರುವ ಸೈಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದನ್ನೆಲ್ಲ ಅಕ್ಷರದಲ್ಲಿ ಬರೆಸಿ.

ಇನ್ನು ಮುಖ್ಯವಾದ ಮಾತು. ನೀವು ಕಳಿಸಿದ ಲಿಂಕ್ ತೆರೆದು ನೋಡಿದೆ. 'ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರೇ ದೇವರು' ಎಂದಿದೆ. ಕೆಳಗೆ ಹನ್ನೆರಡು ಸೀರೆಯ ಫೋಟೊ, 'ಬೆಲೆಗೆ ಸಂಪರ್ಕಿಸಿ' ಎಂಬ ಒಂದು ಸಾಲು. ಇದನ್ನು ಯಾರು ತಾನೇ ಹುಡುಕುತ್ತಾರೆ? 'ಗ್ರಾಹಕರೇ ದೇವರು' ಎಂದು ಗೂಗಲ್‌ನಲ್ಲಿ ಟೈಪ್ ಮಾಡಿ ಯಾರೂ ಸೀರೆ ಕೊಳ್ಳುವುದಿಲ್ಲ.

ನಿಮ್ಮ ಗಾದಿಯ ಮುಂದೆ ಕೂತ ಹೆಣ್ಣುಮಗಳು ಏನು ಕೇಳುತ್ತಾಳೆ, ನೆನಪು ಮಾಡಿಕೊಳ್ಳಿ. ಸೆರಗು ಅಸಲಿ ರೇಷ್ಮೆಯೋ, ಚಮಕಾ ಅನ್ನುವ ಕೃತಕ ರೇಷ್ಮೆಯೋ? ಮೈ ಹತ್ತಿಯೋ, ಮಿಕ್ಸೋ? ಕೈಮಗ್ಗದ್ದೋ, ಪವರ್‌ಲೂಮಿನದೋ? ಮೊದಲ ಸಲ ತೊಳೆದರೆ ಸೆರಗಿನ ಕೆಂಪು ಮೈಗೆ ಹತ್ತುತ್ತದೋ? ಗೋಮಿ ದಡಿಯಲ್ಲಿ ಈ ಹಸಿರು ಇದೆಯೋ? ಒಂಬತ್ತು ಗಜದ್ದು ಸಿಗುತ್ತದೋ? ಇದಕ್ಕೆ ಹೊಂದುವ ಗುಳೇದಗುಡ್ಡದ ಖಣ ನಿಮ್ಮಲ್ಲೇ ಕೊಡುತ್ತೀರೋ? ದಿನಕ್ಕೆ ಹತ್ತು ಸಲ ನೀವು ಇದಕ್ಕೆಲ್ಲ ಬಾಯಲ್ಲಿ ಉತ್ತರ ಕೊಡುತ್ತೀರಿ, ನಿಮ್ಮ ಅವ್ವನೂ ಕೊಡುತ್ತಾರೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತವಳೂ ಇದೇ ಪ್ರಶ್ನೆಗಳನ್ನು ಫೋನಿಗೆ ಕೇಳುತ್ತಿದ್ದಾಳೆ. ನಿಮ್ಮ ಬಾಯಲ್ಲಿರುವ ಉತ್ತರ ಸೈಟಿನಲ್ಲಿ ಇಲ್ಲ. ಟ್ರಾಫಿಕ್ ಇಲ್ಲದ್ದಕ್ಕೆ ಕಾರಣ ಇದೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದೇ ಉದಾಹರಣೆ ತೆಗೆದುಕೊಳ್ಳೋಣ: ಕೊಂಡಿ. ಇಳಕಲ್ ಸೀರೆಯ ಮೈಗೆ ಒಂದು ಹಾಸು (ಮಗ್ಗಕ್ಕೆ ಉದ್ದುದ್ದ ಕಟ್ಟುವ ಎಳೆಗಳು), ಸೆರಗಿಗೆ ಬೇರೆ ಹಾಸು. ಆ ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿ ನೇಯುವುದು ನಿಮ್ಮೂರಿನ ಕಸುಬು. ಇಡೀ ಸೀರೆಯನ್ನು ಒಂದೇ ಹಾಸಿನಲ್ಲಿ ನೇಯ್ದರೆ ಆ ಕೂಡಿಸಿದ ಜಾಗವೇ ಇರುವುದಿಲ್ಲ. ನಿಮಗೆ ಇದು ಉಸಿರಾಟದಷ್ಟು ಸಹಜ, ಹೇಳುವಂಥದ್ದೇನಿದೆ ಅನಿಸಬಹುದು. ಆದರೆ ಇಳಕಲ್ ಎಂದು ಹೇಳಿ ಇನ್ನೇನನ್ನೋ ಕೊಟ್ಟು ಮೋಸ ಮಾಡಿದವರ ಕೈಗೆ ಒಮ್ಮೆ ಸಿಕ್ಕವಳಿಗೆ ಅದಕ್ಕಿಂತ ಬೇಕಾದ ವಿಷಯ ಬೇರೆ ಇಲ್ಲ. 'ಕೊಂಡಿ ನೋಡಿ ಇಳಕಲ್ ಸೀರೆ ಗುರುತಿಸುವುದು ಹೇಗೆ' ಎಂದು ಒಂದು ಪುಟ ಬರೆಯಿರಿ. ತೋಪು ತೆನೆ ವಿನ್ಯಾಸದ ಸೆರಗಿನ ಬಗ್ಗೆ ಇನ್ನೊಂದು. ಮೊದಲ ಒಗೆತದ ಬಗ್ಗೆ ಮತ್ತೊಂದು. ಒಂದೊಂದು ಪುಟ ಮುನ್ನೂರು ಪದವಾದರೂ ಸಾಕು. ನೀವು ಮಾತಾಡುವ ಹಾಗೆಯೇ ಇರಲಿ, ಪುಸ್ತಕದ ಭಾಷೆ ಬೇಡ.

ಇಳಕಲ್ ಸೀರೆಯ ಇತಿಹಾಸ ಎಂದು ಎಲ್ಲ ಕಡೆ ಇರುವುದನ್ನೇ ಮತ್ತೆ ಬರೆಯಬೇಡಿ. 2024ರ ಆಗಸ್ಟ್‌ನಿಂದ ಭಾರತದಲ್ಲಿ ಗೂಗಲ್ ಎಷ್ಟೋ ಪ್ರಶ್ನೆಗಳಿಗೆ ತಾನೇ ಎಐ ಉತ್ತರ ಬರೆದು ಪುಟದ ತಲೆಯ ಮೇಲೆ ತೋರಿಸುತ್ತಿದೆ. ಸಾಮಾನ್ಯ ಮಾಹಿತಿ ಅಲ್ಲೇ ಸಿಕ್ಕಿಬಿಟ್ಟರೆ ನಿಮ್ಮ ಸೈಟಿಗೆ ಬರುವ ಅಗತ್ಯವೇ ಯಾರಿಗೂ ಇರುವುದಿಲ್ಲ. ನಿಮ್ಮ ಮಗ್ಗ, ನಿಮ್ಮ ಬೆಲೆ, ಇವತ್ತು ಮಗ್ಗದಿಂದ ಇಳಿದ ಸೀರೆಯ ಬಣ್ಣ ಇವು ನಿಮ್ಮಲ್ಲಿ ಮಾತ್ರ ಸಿಗುತ್ತವೆ. ಬೆಲೆ ಖಂಡಿತ ಹಾಕಿ. ಪಕ್ಕದ ಅಂಗಡಿಯವರು ನೋಡುತ್ತಾರೆ ಅನ್ನುವ ಅಳುಕು ಅರ್ಥವಾಗುತ್ತದೆ, ಆದರೆ ಅವರಿಗೆ ನಿಮ್ಮ ಬೆಲೆ ಹೇಗೂ ಗೊತ್ತಿದೆ, ಗೊತ್ತಿಲ್ಲದಿರುವುದು ದೂರದ ಗಿರಾಕಿಗೆ.

ಹೆಸರಿನ ವಿಷಯವೂ ಇದೆ. ಕನ್ನಡದವರು ಕೂಡ ಬಹಳ ಸಲ 'ಇಳಕಲ್ ಸೀರೆ' ಎಂದು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ, ಅದರಲ್ಲೂ ಒಬ್ಬೊಬ್ಬರ ಕಾಗುಣಿತ ಒಂದೊಂದು ಥರ. ಮಹಾರಾಷ್ಟ್ರದಲ್ಲಿ ನಿಮ್ಮ ಸೀರೆಗೆ 'ಇರ್ಕಲ್' ಎಂದೇ ಹೆಸರು. ಸೊಲ್ಲಾಪುರ, ಕೊಲ್ಲಾಪುರದ ಕಡೆಯವರು ಒಂಬತ್ತು ಗಜದ ಸೀರೆಗೆ ನಿಮ್ಮಲ್ಲಿಗೆ ಬರುವವರೇ ಅಲ್ಲವೇ? ನಿಮ್ಮ ಸೈಟಿನಲ್ಲಿ ಎಲ್ಲಿಯೂ ಆ ಪದ ಇಲ್ಲ. ಕನ್ನಡ ಪುಟದ ಜೊತೆಗೆ ಇಂಗ್ಲಿಷ್‌ನಲ್ಲಿ ಒಂದು, ಮರಾಠಿಯಲ್ಲಿ ಒಂದು ಪುಟ ಇರಲಿ. ಮರಾಠಿ ಚೆನ್ನಾಗಿ ಬರುವವರು ನಿಮ್ಮ ಬೀಗರಲ್ಲೇ ಯಾರಾದರೂ ಸಿಗುತ್ತಾರೆ.

ಫೋಟೊಗಳನ್ನು ಚಿಕ್ಕದು ಮಾಡಿ ಹಾಕಿ. ಫೋನ್ ಕ್ಯಾಮೆರಾದಲ್ಲಿ ತೆಗೆದ 4–5 ಎಂಬಿಯ ಫೋಟೊವನ್ನು ಹಾಗೇ ಏರಿಸಿದರೆ ಪುಟ ತೆರೆಯುವಷ್ಟರಲ್ಲಿ ಜನ ಹಿಂದೆ ಹೋಗಿರುತ್ತಾರೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ.

ಸೈಟಿನಷ್ಟೇ ಮುಖ್ಯವಾದದ್ದು ಮ್ಯಾಪು. ಊರಿಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸೀರೆ ಅಂಗಡಿ ಎಲ್ಲಿ ಎಂದು ಫೋನ್ ತೆಗೆಯುವವರಿಗೆ ಕಾಣುವುದು ಗೂಗಲ್ ಬಿಸಿನೆಸ್ ಪ್ರೊಫೈಲ್. ಇದೂ ಪುಕ್ಕಟೆ. ಯಾರನ್ನು ಮೇಲೆ ತೋರಿಸಬೇಕು ಎನ್ನುವುದಕ್ಕೆ ಗೂಗಲ್ ತಾನೇ ಮೂರು ಕಾರಣ ಹೇಳುತ್ತದೆ: ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಇರುವ ಹೊಂದಿಕೆ, ಹುಡುಕಿದವರಿಂದ ನಿಮಗಿರುವ ದೂರ, ನಿಮ್ಮ ಅಂಗಡಿಗಿರುವ ಹೆಸರು. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದೆರಡು ಇವೆ. ಬರೀ 'ಬಟ್ಟೆ ಅಂಗಡಿ' ಎಂದಿರುವ ವಿಭಾಗವನ್ನು ಸೀರೆ ಅಂಗಡಿ ಎಂದು ಬದಲಿಸಿ, ಅಮಾವಾಸ್ಯೆಗೆ ಬಾಗಿಲು ಹಾಕುವುದಾದರೆ ಆ ದಿನ ರಜೆ ಎಂದು ನಮೂದಿಸಿ, ಸಮಾಧಾನದಿಂದ ಸೀರೆ ಕಟ್ಟಿಸಿಕೊಂಡು ಹೊರಟ ಗಿರಾಕಿಗೆ 'ಅಕ್ಕಾರ, ಎರಡು ಸಾಲು ಬರೀರಿ' ಎಂದು ಕೇಳಿ. ಅದಕ್ಕೆ ಬದಲಾಗಿ ರಿಯಾಯಿತಿ ಕೊಡಬೇಡಿ. ಆಮಿಷ ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ.

'ಗೂಗಲ್‌ನಿಂದ ಮಾತಾಡ್ತಿದ್ದೇವೆ, ದುಡ್ಡು ಕಟ್ಟದಿದ್ದರೆ ನಿಮ್ಮ ಲಿಸ್ಟಿಂಗ್ ತೆಗೆದುಹಾಕ್ತೇವೆ' ಎಂದು ಫೋನ್ ಬಂದರೆ ಇಟ್ಟುಬಿಡಿ. ಮ್ಯಾಪಿನಲ್ಲಿ ಇರುವುದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ.

ಈ ಮ್ಯಾಪು ಪ್ರೊಫೈಲ್ ಇದ್ದರೆ ಸೈಟೇ ಬೇಡವಲ್ಲ ಎಂದು ಕೆಲವರು ಕೇಳುತ್ತಾರೆ. ಮೊದಲು ಈ ಪ್ರೊಫೈಲ್ ಜೊತೆ ಗೂಗಲ್ ಒಂದು ಪುಟ್ಟ ವೆಬ್‌ಸೈಟನ್ನೂ ಪುಕ್ಕಟೆ ಕೊಡುತ್ತಿತ್ತು. ಎಷ್ಟೋ ಸಣ್ಣ ಅಂಗಡಿಯವರು ಅದರ ವಿಳಾಸವನ್ನೇ ವಿಸಿಟಿಂಗ್ ಕಾರ್ಡಿನಲ್ಲಿ, ಬಟ್ಟೆ ಚೀಲದ ಮೇಲೆ ಅಚ್ಚು ಹಾಕಿಸಿದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅವೆಲ್ಲವನ್ನೂ ಮುಚ್ಚಿತು. ಇನ್‌ಸ್ಟಾಗ್ರಾಮ್ ಪೇಜ್ ಇರಲಿ, ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್ ಇರಲಿ, ಅವೆಲ್ಲ ಬಾಡಿಗೆ ಜಾಗ. ಬಳಸಿ, ಚೆನ್ನಾಗಿ ಬಳಸಿ, ಆದರೆ ಸ್ವಂತದ ವಿಳಾಸ ಒಂದಿರಲಿ.

ಆ ಸ್ವಂತದ ವಿಳಾಸ ನಿಜವಾಗಿ ನಿಮ್ಮದೇನಾ? ಸೈಟ್ ಮಾಡಿಕೊಟ್ಟವರು ಡೊಮೈನನ್ನು, ಅಂದರೆ ಸೈಟಿನ ವಿಳಾಸದ ಹೆಸರನ್ನು, ತಮ್ಮ ಇಮೇಲ್‌ನಲ್ಲೇ ನೋಂದಾಯಿಸಿರುವುದು ಬಹಳ. ಅವರ ಜೊತೆ ಮನಸ್ತಾಪವಾದರೆ, ಅವರು ನವೀಕರಿಸಲು ಮರೆತರೆ, ನಿಮ್ಮ ಅಜ್ಜನ ಅಂಗಡಿಯ ಹೆಸರು ಇನ್ನೊಬ್ಬರ ಪಾಲಾಗುತ್ತದೆ. ಪ್ಯಾಕೇಜಿನ ಮಾತಾಡುವ ಮೊದಲು ಡೊಮೈನ್ ಖಾತೆಯ ಲಾಗಿನ್ ನಿಮ್ಮ ಕೈಗೆ ಬರಲಿ. ಕೊಡಲು ಹಿಂದೆ ಮುಂದೆ ನೋಡಿದರೆ, ಆ ಪ್ಯಾಕೇಜ್ ಬಗ್ಗೆ ನಿಮಗೆ ಉತ್ತರ ಸಿಕ್ಕಂತೆಯೇ.

8 ಸಾವಿರಕ್ಕೆ ಏನು ಮಾಡುತ್ತೀರಿ ಎಂದು ಬರೆದು ಕೊಡಲು ಹೇಳಿ. 'ಮೊದಲ ಸ್ಥಾನ ಗ್ಯಾರಂಟಿ' ಎಂದಿದ್ದರೆ ಬೇಡ, ಆ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್‌ನವರೇ ಬರೆದಿದ್ದಾರೆ. 'ಕೀವರ್ಡ್ ಟ್ಯಾಗ್ ತುಂಬುತ್ತೇವೆ' ಎಂದಿದ್ದರೆ, ಅದು ಪುಟದ ಒಳಗೆ ಯಾರಿಗೂ ಕಾಣದಂತೆ ಬರೆಯುವ ಪದಪಟ್ಟಿ, ಗೂಗಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು 2009ರಲ್ಲೇ ಹೇಳಿದೆ. 'ತಿಂಗಳಿಗೆ 500 ಬ್ಯಾಕ್‌ಲಿಂಕ್' ಎಂದಿದ್ದರೆ ಇನ್ನೂ ಅಪಾಯ. ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಕೊಡಿಸುವ ಲಿಂಕು, ಹಾಗೆ ಕೊಂಡ ಲಿಂಕುಗಳು ಸಿಕ್ಕಿಬಿದ್ದರೆ ಇರುವ ಸ್ಥಾನವೂ ಹೋಗಬಹುದು. 'ಹತ್ತು ಸಾವಿರ ವಿಸಿಟರ್' ಎಂದಿದ್ದರೆ ಅದರಲ್ಲಿ ಬಹುಪಾಲು ಮನುಷ್ಯರೇ ಆಗಿರುವುದಿಲ್ಲ. ಸೈಟಿಗೆ ಬಂದವರ ಲೆಕ್ಕ ಇಡುವ ಅನಲಿಟಿಕ್ಸ್ ತೆರೆದರೆ ಯಾವುದೋ ದೇಶದಿಂದ ಬಂದು ಒಂದು ಸೆಕೆಂಡೂ ನಿಲ್ಲದೆ ಹೋದ ಸಾಲುಗಳು ಕಾಣುತ್ತವೆ. ಇಳಕಲ್ ಸೀರೆ ಬೇಕೆಂದು ಬಂದ ನಲವತ್ತು ಜನ ಅದಕ್ಕಿಂತ ಮೇಲು. ಅವರು ಫೋನ್ ಮಾಡುತ್ತಾರೆ.

ಖರ್ಚು ಮಾಡಲೇಬೇಕು ಅನಿಸಿದರೆ ಪುಟಗಳನ್ನು ಬರೆದಾದ ಮೇಲೆ, ಮದುವೆ ಸೀಸನ್ನಿಗೆ ಸ್ವಲ್ಪ ಮುಂಚೆ, ದಿನಕ್ಕೆ 200 ರೂಪಾಯಿಯಂತೆ ಹದಿನೈದು ದಿನ ಜಾಹೀರಾತು ಹಾಕಿ ನೋಡಿ. ಪುಣೆ, ಸೊಲ್ಲಾಪುರ, ಬೆಂಗಳೂರು ಸಾಕು, ಇಡೀ ದೇಶ ಬೇಡ. ಒತ್ತಿದರೆ ನೇರ ನಿಮ್ಮ ವಾಟ್ಸಾಪ್ ತೆರೆಯುವಂತಿರಲಿ. ಬಂದ ಪ್ರತಿಯೊಬ್ಬರನ್ನೂ 'ನಮ್ಮ ಅಂಗಡಿ ಹ್ಯಾಂಗ ಗೊತ್ತಾತ್ರಿ' ಎಂದು ಕೇಳಿ, ಖಾತೆ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಹೊಸ ಪುಟ ಗೂಗಲ್‌ನಲ್ಲಿ ನೆಲೆ ನಿಲ್ಲಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಬ್ಬದ ವ್ಯಾಪಾರಕ್ಕೆ ಬೇಕೆಂದರೆ ಈಗಲೇ ಕೂರಬೇಕು. ಕೊಂಡಿಯ ಪುಟದಿಂದಲೇ ಶುರು ಮಾಡಿ. ಸೀರೆಯ ಒಳಮೈ ಮೇಲೆ ಮಾಡಿ, ಮೈಯೂ ಸೆರಗೂ ಕೂಡುವ ಜಾಗವನ್ನು ಬೆಳಗಿನ ಬೆಳಕಿಗೆ ಹಿಡಿದು, ನೇಕಾರರ ಬೆರಳು ಆ ಗೆರೆಯ ಮೇಲೆ ಇರುವಂತೆ ಒಂದು ಫೋಟೊ ತೆಗೆಯಿರಿ. ಅದನ್ನು ನನಗೂ ಕಳಿಸಿ.